ಖಾಲಿ ಸೂಟ್‌ಕೇಸುಗಳ ಓಟ

ನಮ್ಮ ಸಾಹೇಬರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಕಚೇರಿಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು 'ನಲವತ್ತು'. ನಗರದ ನಡುವಿನ ದೊಡ್ಡ ಚೌಕದಿಂದ ವಿಮಾನ ನಿಲ್ದಾಣಕ್ಕೆ ವೇಗದ ಬಸ್ಸು ಬಿಡುತ್ತೇವೆ, ನಲವತ್ತೇ ನಿಮಿಷದಲ್ಲಿ ತಲುಪಿಸುತ್ತೇವೆ ಎಂದು ನಗರಸಭೆಯಲ್ಲಿ ಎದ್ದು ನಿಂತು ಹೇಳಿಬಂದ ದಿನದಿಂದ ಈ ಹೆಸರು. ಆಗಿನ್ನೂ ನಾವು ದಾರಿಯನ್ನೇ ಗುರುತಿಸಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಇವರು ಕುಲಾವಿ ಹೊಲಿಸಿಬಿಟ್ಟು, ಕೂಸಿನ ತಲೆ ಅದಕ್ಕೆ ಸರಿಹೊಂದಲೇಬೇಕು ಎಂದು ನಮಗೆ ಅಪ್ಪಣೆ ಕೊಟ್ಟಿದ್ದರು.

ನಾನು ಬಸ್ ಸಂಸ್ಥೆಯ ಮಾರ್ಗ ವಿಭಾಗದವಳು. ಯಾವ ಬಸ್ಸು ಯಾವ ದಾರಿ ಹಿಡಿಯಬೇಕು, ಎಲ್ಲೆಲ್ಲಿ ನಿಲ್ಲಬೇಕು, ನಿಂತರೆ ಎಷ್ಟು ಹೊತ್ತು ಎಂದು ತೀರ್ಮಾನಿಸುವುದು ನನ್ನ ಕೆಲಸ. ನಮ್ಮ ಕೋಣೆ ಮೂರನೇ ಮಹಡಿಯಲ್ಲಿ, ಡಿಪೋ ಕಡೆಗೆ ಮುಖ ಮಾಡಿಕೊಂಡಿದೆ. ಕಿಟಕಿ ತೆರೆದರೆ ಡೀಸೆಲ್ ಹೊಗೆ, ಮುಚ್ಚಿದರೆ ಸೆಕೆ. ಒಂದು ಗೋಡೆಯ ತುಂಬ ನಗರದ ನಕ್ಷೆ ಇದೆ. ಅದರ ಮೇಲೆ ಗುಂಡುಸೂಜಿ ಚುಚ್ಚಿ, ಕೆಂಪು ದಾರ ಕಟ್ಟಿ ಹೊಸ ಮಾರ್ಗವನ್ನು ತೋರಿಸಿದ್ದೆವು: ದೊಡ್ಡ ಚೌಕ, ದೊಡ್ಡ ಹೋಟೆಲು, ಆಸ್ಪತ್ರೆ, ನೀರಿನ ಟ್ಯಾಂಕು, ಆಮೇಲೆ ಎಲ್ಲೂ ನಿಲ್ಲದೆ ವಿಮಾನ ನಿಲ್ದಾಣ.

ನೀರಿನ ಟ್ಯಾಂಕಿನ ಸೂಜಿಯನ್ನು ಚುಚ್ಚಿದವಳು ನಾನೇ. ಅದಕ್ಕೆ ಕಾರಣವಿತ್ತು. ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವವರು, ಟ್ರಾಲಿ ತಳ್ಳುವವರು, ಅಡುಗೆಮನೆಯವರು, ಕಾವಲಿನವರು ಬಹುಪಾಲು ಟ್ಯಾಂಕಿನ ಸುತ್ತಮುತ್ತಲ ಓಣಿಗಳಲ್ಲೇ ಇದ್ದಾರೆ. ಇನ್ನೊಂದು ಕಾರಣವೂ ಇತ್ತು. ಟ್ಯಾಂಕಿನ ಹಿಂದಿನ ಓಣಿಯಲ್ಲಿ, ಎರಡನೇ ಮಹಡಿಯಲ್ಲಿ, ನಾನೂ ನನ್ನ ಅಕ್ಕನೂ ಇದ್ದೇವೆ. ಅಕ್ಕ ವಿಮಾನ ನಿಲ್ದಾಣದ ಲಗೇಜ್ ಕೋಣೆಯಲ್ಲಿದ್ದಳು. ಪ್ರಯಾಣಿಕರು ನಾಲ್ಕಾರು ಗಂಟೆ ಊರು ಸುತ್ತಿ ಬರಲು ತಮ್ಮ ಸಾಮಾನು ಬಿಟ್ಟುಹೋಗುತ್ತಾರಲ್ಲ, ಆ ಕೋಣೆ. ಸಾಮಾನು ಇಸಿದುಕೊಂಡು, ಅದಕ್ಕೊಂದು ಚೀಟಿ ಕಟ್ಟಿ, ಎತ್ತಿ ಅಟ್ಟಕ್ಕೆ ಇಡುವ ಕೆಲಸ. ವರ್ಷಗಟ್ಟಲೆ ಎತ್ತಿ ಎತ್ತಿ ಅವಳ ಬಲಭುಜ ಎಡಭುಜಕ್ಕಿಂತ ಒಂದಿಷ್ಟು ಇಳಿದಿತ್ತು. ಅದರ ಬಗ್ಗೆ ಯಾರಾದರೂ ಅಯ್ಯೋ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಆ ಕೆಲಸಕ್ಕೆ ಹೋಗಲು ಅವಳು ಎರಡು ಬಸ್ಸು ಹಿಡಿಯಬೇಕಿತ್ತು. ಮೊದಲನೆಯದು ಉಲ್ಟಾ ದಿಕ್ಕಿನಲ್ಲಿ ಚೌಕಕ್ಕೆ. ಅಲ್ಲಿಂದ ಹಳೆಯ ವಿಮಾನ ನಿಲ್ದಾಣದ ಬಸ್ಸು. ಅದು ಬೈಪಾಸಿನ ಆಚೆ ಹೋಗಿ, ನೆಂಟರ ಮನೆಗೆಲ್ಲ ಹೋಗಿಬರುವ ಹಾಗೆ ಊರ ಹೊರಗಿನ ಬಡಾವಣೆಗಳನ್ನೆಲ್ಲ ಮಾತಾಡಿಸಿಕೊಂಡು ಹೊರಡುತ್ತಿತ್ತು. ಹಗಲಿನ ಪಾಳಿಗೆ ಹೇಗೋ ನಡೆಯುತ್ತಿತ್ತು. ಆದರೆ ಚಳಿಗಾಲದ ವೇಳಾಪಟ್ಟಿ ಶುರುವಾದೊಡನೆ ವಿಮಾನಗಳ ಹೊತ್ತು ಬದಲಾಗುತ್ತದೆ, ಲಗೇಜ್ ಕೋಣೆಯವರೆಲ್ಲ ಬೆಳಗಿನ ಜಾವದ ಪಾಳಿಗೇ ಬರಬೇಕು, ಬರಲಾಗದವರು ಬಿಡಬಹುದು ಎಂದು ಅವಳ ಮ್ಯಾನೇಜರು ಕಡ್ಡಿ ಮುರಿದ ಹಾಗೆ ಹೇಳಿದ್ದ. ಆ ಹೊತ್ತಿಗೆ ಎರಡು ಬಸ್ಸು ಹಿಡಿದು ಹೋಗುವುದು ಆಗದ ಮಾತು. ದಿನಾ ಟ್ಯಾಕ್ಸಿಯಲ್ಲಿ ಹೋದರೆ ಅಕ್ಕ ದುಡಿಯುವುದು ಟ್ಯಾಕ್ಸಿಯವನ ಸಂಸಾರಕ್ಕೆ.

ಹಾಗಾಗಿ ನಮ್ಮ ಮನೆಯಲ್ಲಿ ಒಂದೇ ಮಾತು. ವೇಗದ ಬಸ್ಸು ಚಳಿಗಾಲದ ಮೊದಲು ಶುರುವಾಗಬೇಕು, ಮತ್ತು ಅದು ಟ್ಯಾಂಕಿನ ಹತ್ತಿರ ನಿಲ್ಲಬೇಕು. ಎರಡರಲ್ಲಿ ಒಂದು ತಪ್ಪಿದರೂ ಅಕ್ಕನ ಕೆಲಸ ಹೋಯಿತು. ಕೆಲಸ ಹೋದರೆ ಊಟಕ್ಕೇನೂ ತೊಂದರೆಯಿಲ್ಲ, ನನ್ನ ಸಂಬಳವಿದೆ. ಆದರೆ ಭಾವ ತೀರಿಕೊಂಡ ಮೇಲೆ ಅವಳನ್ನು ಮಂಚದಿಂದ ಎಬ್ಬಿಸಿ ನಿಲ್ಲಿಸಿದ್ದು ಆ ಲಗೇಜ್ ಕೋಣೆ. ನಾಲ್ಕು ಗೋಡೆಗಳ ನಡುವೆ ಕೂತರೆ ಅವಳು ನನ್ನನ್ನೂ ತಿನ್ನುತ್ತಾಳೆ, ತನ್ನನ್ನೂ ತಿನ್ನುತ್ತಾಳೆ ಎಂದು ನನಗೆ ಗೊತ್ತಿತ್ತು.

ಸೂಜಿ ಚುಚ್ಚಿದ ದಿನವೇ ನಾನು ನಲವತ್ತಕ್ಕೆ ವಿಷಯ ತಿಳಿಸಿದೆ.

"ಸಾರ್, ಟ್ಯಾಂಕ್ ಹತ್ರ ನಮ್ಮಕ್ಕ ಹತ್ತೋದು. ಮೊದಲೇ ಹೇಳಿರ್ತೀನಿ."

"ಹೇಳಿದ್ದು ಒಳ್ಳೇದಾಯ್ತು," ಎಂದರು ಅವರು ನಕ್ಷೆ ನೋಡುತ್ತಲೇ. "ನಲವತ್ತರೊಳಗೆ ಬಂದ್ರೆ ಟ್ಯಾಂಕ್ ಇರುತ್ತೆ. ಮೀರಿದ್ರೆ ಮೊದಲು ಹೋಗೋದು ಅದೇ. ಹೋಟೆಲ್ ತೆಗೆದ್ರೆ ಮಾಲೀಕರು ಫೋನ್ ಮಾಡ್ತಾರೆ, ಆಸ್ಪತ್ರೆ ತೆಗೆದ್ರೆ ಡಾಕ್ಟ್ರು ಮಾಡ್ತಾರೆ. ಟ್ಯಾಂಕ್ ತೆಗೆದ್ರೆ ಯಾರು ಮಾಡ್ತಾರೆ ಹೇಳಿ?"

ಮಾತು ಕಟುವಾಗಿತ್ತು, ಆದರೆ ಸುಳ್ಳಲ್ಲ. ಅವರಲ್ಲಿ ನನಗೆ ಹಿಡಿಸುತ್ತಿದ್ದುದೂ ಇದೇ, ಮೈ ಉರಿಸುತ್ತಿದ್ದುದೂ ಇದೇ.

ಪರೀಕ್ಷಾ ಓಟದ ಹಿಂದಿನ ದಿನ ಅವರು ಎಲ್ಲರನ್ನೂ ಕರೆದರು.

"ನಾಳೆ ಎಲ್ರೂ ಮನೆಯಿಂದ ಒಂದೊಂದು ಸೂಟ್‌ಕೇಸ್ ತನ್ನಿ. ವಿಮಾನಕ್ಕೆ ಹೋಗೋರ ಥರಾನೇ ಇರ್ಬೇಕು. ಕೈ ಬೀಸ್ಕೊಂಡು ಹತ್ತಿ ಇಳಿದ್ರೆ ಅದು ಪರೀಕ್ಷೆ ಅಲ್ಲ, ಪಿಕ್‌ನಿಕ್ಕು."

ಮಾರನೆಯ ದಿನ ಡಿಪೋದ ಅಂಗಳ ನೋಡಬೇಕಿತ್ತು. ಇಡೀ ಕಚೇರಿ ಮನೆಯವರಿಗೆ ಹೇಳದೆ ಓಡಿಹೋಗುತ್ತಿರುವ ಹಾಗಿತ್ತು. ಲೆಕ್ಕಪತ್ರ ವಿಭಾಗದ ಹೆಂಗಸು ತನ್ನ ಮದುವೆಯ ಕಾಲದ ಕೆಂಪು ಪೆಟ್ಟಿಗೆ ತಂದಿದ್ದಳು, ಜವಾನ ನೆರೆಮನೆಯವರಿಂದ ಎರವಲು ತಂದಿದ್ದ. ನಾನು ಅಕ್ಕನ ನೀಲಿ ಸೂಟ್‌ಕೇಸು ತಂದಿದ್ದೆ. ಅದನ್ನು ಅವಳು ಯಾವುದೋ ಕಾಲದಲ್ಲಿ ಕೊಂಡು, ಎಲ್ಲಿಗೂ ಹೋಗದೆ, ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದಳು. ನಮ್ಮ ವಿಭಾಗದ ಕಿರಿಯ ಎಂಜಿನಿಯರು, ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವುದರಿಂದ ನಾವೆಲ್ಲ ಪೆನ್ಸಿಲ್ ಎಂದೇ ಕರೆಯುವವನು, ಒಂದೊಂದು ಸೂಟ್‌ಕೇಸನ್ನೂ ನೋಡಿ ದೊಡ್ಡದು, ನಡುತರದ್ದು, ಚಿಕ್ಕದು ಎಂದು ಗುರುತು ಹಾಕಿಕೊಂಡ. ಚಕ್ರ ಇದೆಯೋ ಇಲ್ಲವೋ ಎಂಬುದನ್ನೂ ಬರೆದುಕೊಂಡ. ಅಷ್ಟು ಅಚ್ಚುಕಟ್ಟು.

ಬಸ್ಸು ಓಡಿಸಿದವನು ನಮ್ಮ ಹಿರಿಯ ಡ್ರೈವರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿಸುತ್ತಾನೆ. ನಾವು ನಾಲ್ಕು ಗುಂಪಾಗಿ ನಾಲ್ಕು ನಿಲ್ದಾಣಗಳಲ್ಲಿ ಕಾದು, ಹತ್ತಿ, ಸೂಟ್‌ಕೇಸುಗಳನ್ನು ಸಾಮಾನಿಡುವ ಜಾಗದಲ್ಲಿಟ್ಟು, ವಿಮಾನ ನಿಲ್ದಾಣದಲ್ಲಿ ಇಳಿದೆವು. ಪೆನ್ಸಿಲ್ ಸ್ಟಾಪ್‌ವಾಚ್ ಒತ್ತಿ, ನೋಡಿ, ಇನ್ನೊಮ್ಮೆ ನೋಡಿ, ಸಾಹೇಬರ ಕೈಗೆ ಕೊಟ್ಟ. ನಲವತ್ತಕ್ಕೆ ಒಂದಿಷ್ಟು ಸೆಕೆಂಡು ಕಡಿಮೆಯೇ.

ನಲವತ್ತು ಆ ದಿನ ಎಲ್ಲರಿಗೂ ತಾವೇ ಚಹಾ ಕೊಡಿಸಿದರು. ನಕ್ಷೆಯ ಮೇಲಿನ ನಾಲ್ಕೂ ಸೂಜಿಗಳು ಉಳಿದವು. ನಾನು ಅಲ್ಲಿಂದಲೇ ಲಗೇಜ್ ಕೋಣೆಗೆ ಓಡಿಹೋಗಿ ಅಕ್ಕನಿಗೆ ಸುದ್ದಿ ಮುಟ್ಟಿಸಿದೆ. ಅವಳು ಕೈಯಲ್ಲಿದ್ದ ಚೀಟಿಯನ್ನು ಕಟ್ಟಿ ಮುಗಿಸಿ, ಸೀದಾ ಮ್ಯಾನೇಜರನ ಬಾಗಿಲಿಗೆ ಹೋಗಿ, ಬೆಳಗಿನ ಪಾಳಿಗೆ ನನ್ನನ್ನೂ ಹಾಕಿಕೊಳ್ಳಿ ಎಂದು ಹೇಳಿಯೇಬಿಟ್ಟಳು.

ಸಂಜೆ ಡಿಪೋದಿಂದ ಮನೆಗೆ ಬಂದೆ. ಎರಡು ಮಹಡಿ ಮೆಟ್ಟಿಲು ಹತ್ತುವಾಗ ನನಗೆ ಏನೂ ಅನ್ನಿಸಲಿಲ್ಲ, ಆ ಸೂಟ್‌ಕೇಸು ಕಿರುಬೆರಳಿಗೆ ನೇತಾಡುತ್ತಿದ್ದರೂ. ನನಗಿಂತ ಮೊದಲೇ ಬಂದಿದ್ದ ಅಕ್ಕ ಬಾಗಿಲು ತೆರೆದವಳೇ ಅಭ್ಯಾಸಬಲದಿಂದ ಕೈ ಚಾಚಿ ಅದನ್ನು ಇಸಿದುಕೊಂಡಳು. ದಿನವಿಡೀ ಸಾಮಾನು ಎತ್ತುವ ಕೈ ಅದು. ಭಾರವಿದೆ ಎಂದೇ ಭುಜ ಗಟ್ಟಿಮಾಡಿ ಎತ್ತಿದಳು. ಸೂಟ್‌ಕೇಸು ಚೆಂಡಿನ ಹಾಗೆ ಮೇಲೆ ಹಾರಿ ದೀಪದ ಬುರುಡೆಗೆ ಬಡಿಯುವುದರಲ್ಲಿತ್ತು.

"ಅಯ್ಯೋ ಪುಟ್ಟಿ, ಇದೇನೇ, ಒಳ್ಳೆ ಗಾಳಿಪಟ," ಎಂದು ಅಕ್ಕ ನಕ್ಕಳು. ಐವತ್ತರ ಹತ್ತಿರ ಬಂದರೂ ನಾನು ಅವಳಿಗೆ ಪುಟ್ಟಿಯೇ. "ಇದನ್ನ ಹಿಡ್ಕೊಂಡು ಎಲ್ಲಿಗೆ ಹೋಗಿದ್ದೆ?"

ನಾನು ಗೋಡೆ ಹಿಡಿದು ನಿಂತೆ. ನಗಲು ಆಗಲಿಲ್ಲ. ಕಚೇರಿಗೆ ಬರುವಾಗ ಸೂಟ್‌ಕೇಸಿಗೆ ಬಟ್ಟೆ ತುಂಬಿಕೊಂಡು ಬರುವ ಹುಚ್ಚರು ಯಾರಿದ್ದಾರೆ? ಅಷ್ಟೂ ಜನ ಅಷ್ಟೂ ಖಾಲಿ ಪೆಟ್ಟಿಗೆಗಳನ್ನು ಹೂಬುಟ್ಟಿಯ ಹಾಗೆ ಎತ್ತಿಕೊಂಡು ಬಸ್ಸಿನ ಮೆಟ್ಟಿಲನ್ನು ಓಡೋಡಿ ಹತ್ತಿದ್ದೆವು. ಅಳತೆ ಬರೆದೆವು, ಚಕ್ರ ಎಣಿಸಿದೆವು, ತೂಕ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ನಿಜವಾದ ಪ್ರಯಾಣಿಕ ತನ್ನ ತುಂಬಿದ ಸೂಟ್‌ಕೇಸನ್ನು ಆ ಮೂರು ಮೆಟ್ಟಿಲು ಏರಿಸುವಷ್ಟರಲ್ಲಿ ಹಿಂದಿನವರ ಗಡ್ಡ ಬೆಳೆದಿರುತ್ತದೆ.

ಅಕ್ಕ ಹಾಡು ಗುನುಗುತ್ತಾ ಅಡುಗೆಮನೆಗೆ ಹೋದಳು. ಅವಳಿಗೆ ಆ ಹೊತ್ತಿನಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು ನನ್ನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡರೆ ಬಸ್ಸು ಶುರುವಾಗುತ್ತದೆ, ಟ್ಯಾಂಕು ಉಳಿಯುತ್ತದೆ, ಅಕ್ಕ ಕೆಲಸಕ್ಕೆ ಹೋಗುತ್ತಾಳೆ. ಆದರೆ ಬಸ್ಸು ದಿನಾ ತಡವಾಗುತ್ತದೆ. ನಿಲ್ದಾಣದ ಫಲಕದಲ್ಲಿ ನಾವು ಬರೆದ ಹೊತ್ತನ್ನು ನಂಬಿ ನಿಂತವರು ವಿಮಾನ ತಪ್ಪಿಸಿಕೊಳ್ಳುತ್ತಾರೆ. ಯಾರೋ ಮಗಳ ಹೆರಿಗೆಗೆ ಹೋಗುವವರು, ಯಾರೋ ಅಪ್ಪನ ಮುಖ ಕೊನೆಯ ಸಲ ನೋಡಲು ಹೊರಟವರು. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಆ ಫಲಕದ ಮಾತು ಸುಳ್ಳಾಗಬಾರದು ಎಂದೇ. ಬೆಳಿಗ್ಗೆ ಸೂಟ್‌ಕೇಸನ್ನು ಮತ್ತೆ ಎತ್ತಿಕೊಂಡು ಕಚೇರಿಗೆ ಹೋದೆ.

ನಲವತ್ತು ಮೇಜಿನ ಹಿಂದೆ ಕೂತು ಯಾರಿಗೋ ಫೋನಿನಲ್ಲಿ ತಮ್ಮ ವಿಜಯದ ಕತೆ ಹೇಳುತ್ತಿದ್ದರು. ಮುಗಿಯುವವರೆಗೆ ಕಾದೆ.

"ಸಾರ್, ಇದನ್ನೊಂದ್ಸಲ ಎತ್ತಿ."

ಅವರು ಎತ್ತಿದರು. ಅಲ್ಲಾಡಿಸಿದರು. ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಕಿವಿಗಳು ಕೆಂಪಾದವು.

"ಎಲ್ರದೂ ಹೀಗೇ ಇತ್ತಾ?"

"ಎಲ್ರದೂ. ನನ್ನದೂ."

"ಯಾರ್ಯಾರಿಗೆ ಹೇಳಿದ್ದೀರಿ?"

"ನಿಮಗೇ ಮೊದಲು."

ಅವರು ಸೂಟ್‌ಕೇಸನ್ನು ಮೆಲ್ಲಗೆ ನೆಲಕ್ಕಿಟ್ಟರು. "ನಿಮ್ಮ ಅಕ್ಕ ಟ್ಯಾಂಕ್ ಹತ್ರ ಅಲ್ವಾ ಹತ್ತೋದು?"

"ಹೌದು ಸಾರ್."

"ಗೊತ್ತಿದ್ದೂ ಹೇಳ್ತಿದ್ದೀರಿ."

ಅವರು ಗಂಟೆ ಒತ್ತಿ ಪೆನ್ಸಿಲನ್ನು ಕರೆಸಿ, ಎರಡನೇ ಓಟಕ್ಕೆ ಏರ್ಪಾಡು ಮಾಡು ಎಂದರು, ಈ ಸಲ ಪೆಟ್ಟಿಗೆಗಳು ತುಂಬಿರಲಿ ಎಂದರು.

ಏನು ತುಂಬಿಸುವುದು ಎಂಬ ಪ್ರಶ್ನೆಗೆ ದಾಖಲೆ ಕೋಣೆ ಉತ್ತರ ಕೊಟ್ಟಿತು. ತಲೆಮಾರುಗಳಿಂದ ಯಾರೂ ಮುಟ್ಟದ ಕಡತಗಳು ಅಲ್ಲಿ ಮಾಡಿನವರೆಗೆ ಪೇರಿಸಿದ್ದವು. ಅವನ್ನು ಇಳಿಸಿ, ಧೂಳು ಕೊಡವಿ, ಒಂದೊಂದು ಸೂಟ್‌ಕೇಸಿಗೂ ಕಂಠಪೂರ್ತಿ ತುರುಕಿದೆವು. ಜವಾನ, "ಅಂತೂ ಈ ಕಡತಗಳು ಮುಂದಕ್ಕೆ ಹೋದ್ವು," ಎಂದ. ಲೆಕ್ಕಪತ್ರದ ಹೆಂಗಸಿನ ಮದುವೆ ಪೆಟ್ಟಿಗೆಯ ಹಿಡಿ ಅಂಗಳ ದಾಟುವ ಮೊದಲೇ ಕಿತ್ತು ಬಂತು. ಪೆಟ್ಟಿಗೆ ತನ್ನ ಗಂಡನಿಗಿಂತ ಗಟ್ಟಿ ಎಂದುಕೊಂಡಿದ್ದಳಂತೆ, ಪಾಪ.

ಈ ಸಲ ನಾನು ಚೌಕದಿಂದಲೇ ಬಸ್ಸಿನಲ್ಲಿದ್ದೆ. ಚೌಕದಲ್ಲಿ ಹತ್ತುವಾಗಲೇ ಗೊತ್ತಾಯಿತು. ಒಬ್ಬರು ಮೇಲಿನಿಂದ ಎಳೆಯಬೇಕು, ಒಬ್ಬರು ಕೆಳಗಿನಿಂದ ನೂಕಬೇಕು. ಹೋಟೆಲಿನ ಎದುರು ಮೂರು ಸೂಟ್‌ಕೇಸುಗಳು ಬಾಗಿಲಲ್ಲೇ ಒಂದಕ್ಕೊಂದು ಸಿಕ್ಕಿಕೊಂಡವು. ಪೆನ್ಸಿಲ್ ಬೆವರು ಒರೆಸಿಕೊಳ್ಳುತ್ತಾ ವಾಚು ನೋಡುತ್ತಿದ್ದ. ಡ್ರೈವರು ಸ್ಟೀರಿಂಗಿನ ಮೇಲೆ ಗದ್ದ ಊರಿ ಕೂತ. ಆಸ್ಪತ್ರೆಯಲ್ಲೂ ಅದೇ ಕತೆ. ನಲವತ್ತು ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಯಾರನ್ನೂ ಬೈಯಲಿಲ್ಲ. ಅವರು ಬೈಯದಿದ್ದರೆ ಇನ್ನೂ ಭಯವಾಗುತ್ತದೆ.

ಟ್ಯಾಂಕಿನ ಹತ್ತಿರ ಹತ್ತಬೇಕಾದ ನಮ್ಮವರ ಗುಂಪು ನೆರಳು ಹುಡುಕಿಕೊಂಡು ತುಸು ಆಚೆ ನಿಂತಿತ್ತು. ಎರಡೂ ದಿಕ್ಕಿನ ಬಸ್ಸುಗಳು ನಿಲ್ಲುವ ಆ ನಿಲ್ದಾಣದಲ್ಲಿ ನಿಂತಿದ್ದವರು ವಿಮಾನ ನಿಲ್ದಾಣದ ಕೆಲಸಕ್ಕೆಂದು ಚೌಕದ ಬಸ್ಸಿಗೆ ಕಾಯುತ್ತಿದ್ದ ಜನ. ಎದುರಿಗೆ 'ವಿಮಾನ ನಿಲ್ದಾಣ' ಎಂದು ಹಣೆಗೆ ಬರೆದುಕೊಂಡ ಹೊಸ ಬಸ್ಸು ಬಂದು ನಿಂತು, ಎರಡೂ ಬಾಗಿಲು ತೆರೆದರೆ ಯಾರು ಸುಮ್ಮನಿರುತ್ತಾರೆ? ಪೆನ್ಸಿಲ್ "ಇದು ಪರೀಕ್ಷೆ, ಇದು ಪರೀಕ್ಷೆ," ಎನ್ನುವಷ್ಟರಲ್ಲಿ ಇಪ್ಪತ್ತು ಜನ ಒಳಗಿದ್ದರು. ಹೆಗಲಿಗೊಂದು ಚೀಲ, ಅದರಲ್ಲೊಂದು ಊಟದ ಡಬ್ಬಿ, ಅಷ್ಟೇ. ಮುಂದಿನ ಬಾಗಿಲಲ್ಲಿ ಅರ್ಧ, ಹಿಂದಿನ ಬಾಗಿಲಲ್ಲಿ ಅರ್ಧ, ನೀರು ಹರಿದ ಹಾಗೆ ಬಂದು ಕೂತರು. ಡ್ರೈವರು ಅವರನ್ನು ಇಳಿಸಲು ಹೋಗದೆ ಗೇರು ಹಾಕಿದ. ಸೂಟ್‌ಕೇಸು ಹಿಡಿದ ನಮ್ಮ ಗುಂಪು ನೆರಳಿನಿಂದ ಓಡಿಬಂದು ಕೈ ಆಡಿಸುತ್ತಾ ಹಿಂದೆ ಉಳಿಯಿತು.

ಹತ್ತಿದವರಲ್ಲಿ ಅಕ್ಕನೂ ಇದ್ದಳು. ನನ್ನ ಪಕ್ಕದಲ್ಲೇ ಬಂದು ಕೂತು, ಕಾಲ ಬಳಿಯಿದ್ದ ತನ್ನ ನೀಲಿ ಸೂಟ್‌ಕೇಸನ್ನು ನೋಡಿ, ಮೊಣಕಾಲಿನಿಂದ ಮೆಲ್ಲಗೆ ನೂಕಿದಳು. ಅದು ಅಲುಗಲಿಲ್ಲ.

"ಏನು ತುಂಬಿದ್ದೀಯ ಇದರಲ್ಲಿ?"

"ಕಡತ."

"ಪರೀಕ್ಷೆ ಮುಗೀತು, ಪಾಸಾಯ್ತು ಅಂದಿದ್ದೆ."

"ಖಾಲಿ ಪೆಟ್ಟಿಗೆ ಇಟ್ಕೊಂಡು ಪಾಸಾಗಿದ್ದು ಅಕ್ಕ. ಅದು ಲೆಕ್ಕಕ್ಕಿಲ್ಲ."

ಅವಳು ಪೆದ್ದಿಯಲ್ಲ. ದೀಪದ ಬುರುಡೆ, ಗಾಳಿಪಟ, ಗೋಡೆ ಹಿಡಿದು ನಿಂತ ನಾನು, ಎಲ್ಲ ಅವಳಿಗೆ ನೆನಪಾಗಿದ್ದು ಮುಖದಲ್ಲೇ ಕಂಡಿತು.

"ಯಾರು ಹೇಳಿದ್ದು ಸಾಹೇಬ್ರಿಗೆ?"

"ನಾನೇ."

ಅವಳು ಕಿಟಕಿಯ ಕಡೆ ತಿರುಗಿದಳು. ವಿಮಾನ ನಿಲ್ದಾಣದಲ್ಲಿ ಬಸ್ಸು ನಿಂತಾಗ ಎದ್ದು, ಆ ಸೂಟ್‌ಕೇಸನ್ನು ತಾನೇ ಎತ್ತಿ ಕೆಳಗಿಳಿಸಿ, ತಿರುಗಿ ನೋಡದೆ ತನ್ನ ಕೋಣೆಯ ಕಡೆ ಹೋದಳು.

ಓಟ ನಲವತ್ತನ್ನು ಚೆನ್ನಾಗಿಯೇ ಮೀರಿತ್ತು. ಮಧ್ಯಾಹ್ನ ನಕ್ಷೆಯ ಮುಂದೆ ಸೇರಿದೆವು. ನಲವತ್ತು ಟ್ಯಾಂಕಿನ ಸೂಜಿಯ ಮೇಲೆ ಬೆರಳಿಟ್ಟರು.

"ಮಾತು ಕೊಟ್ಟ ಹಾಗೆ, ಇದು ಮೊದಲು."

ಅಕ್ಕನ ಪರವಾಗಿ ವಾದಿಸುವ ಹಕ್ಕು ನನಗಿರಲಿಲ್ಲ. ಆದರೆ ಲೆಕ್ಕ ಓದಿಸುವ ಹಕ್ಕಿತ್ತು.

"ಸಾರ್, ಯಾವ ನಿಲ್ದಾಣ ಎಷ್ಟು ಹೊತ್ತು ತಿಂತು ಅಂತ ಪೆನ್ಸಿಲ್ ಓದಲಿ. ನಾನು ಮಾತಾಡಲ್ಲ."

ಪೆನ್ಸಿಲ್ ಓದಿದ. ಚೌಕ ತಿಂದಿತ್ತು, ಆಸ್ಪತ್ರೆ ತಿಂದಿತ್ತು, ಹೋಟೆಲು ಎಲ್ಲರಿಗಿಂತ ಹೆಚ್ಚು ತಿಂದಿತ್ತು. ಟ್ಯಾಂಕಿನ ಪಾಲು ಕೆಂಪು ದೀಪಕ್ಕೆ ನಿಂತಷ್ಟೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಡ್ರೈವರು, "ಟ್ಯಾಂಕ್ ಹತ್ರ ನಾನು ಬ್ರೇಕ್ ಒತ್ತಿದ್ದೇ ನೆನಪಿಲ್ಲ ಸಾರ್," ಎಂದ. ಟ್ಯಾಂಕು ತೆಗೆದರೆ ಉಳಿಯುವುದು ಸೊನ್ನೆ. ಹೊತ್ತು ತಿನ್ನುತ್ತಿದ್ದುದು ನಿಲ್ದಾಣಗಳಲ್ಲ, ಸೂಟ್‌ಕೇಸುಗಳು ಮೆಟ್ಟಿಲು ಹತ್ತುವ ಕೆಲಸ.

ನಲವತ್ತು ಬೆರಳನ್ನು ಟ್ಯಾಂಕಿನಿಂದ ತೆಗೆದು ಹೋಟೆಲಿನ ಸೂಜಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಚೌಕದಿಂದ ಹೋಟೆಲಿಗೆ ನಡೆದೇ ಹೋಗಬಹುದು, ಮಾಲೀಕರ ಫೋನನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಚೌಕದಲ್ಲೂ ಆಸ್ಪತ್ರೆಯಲ್ಲೂ ಬಸ್ಸಿನ ನೆಲದ ಎತ್ತರಕ್ಕೆ ಸರಿಯಾಗಿ ಕಟ್ಟೆ ಕಟ್ಟಿಸೋಣ, ಪೆಟ್ಟಿಗೆ ಉರುಳಿಸಿಕೊಂಡೇ ಒಳಗೆ ಹೋಗಲಿ ಎಂದರು. ಒಳ್ಳೆಯ ಯೋಚನೆ. ಮೆಚ್ಚಿಕೊಂಡೆ, ಬಾಯಿಬಿಟ್ಟೇ ಮೆಚ್ಚಿಕೊಂಡೆ.

"ಟ್ಯಾಂಕಿಗೂ ಬೇಕಾ ಕಟ್ಟೆ?" ಎಂದು ಕೇಳಿದರು.

"ಬೇಡ ಸಾರ್," ಎಂದೆ ನಾನೇ. "ಅಲ್ಲಿ ಹತ್ತೋರ ಹತ್ರ ಊಟದ ಡಬ್ಬಿ ಬಿಟ್ರೆ ಏನಿರುತ್ತೆ?"

ಟ್ಯಾಂಕು ಉಳಿಯಿತು. ಆದರೆ ಕಟ್ಟೆಯಾಗುವವರೆಗೆ ಬಸ್ಸು ಬಿಡುವಂತಿಲ್ಲ, ಕಟ್ಟೆ ಎಂದರೆ ಮತ್ತೆ ನಗರಸಭೆ, ಮತ್ತೆ ಒಪ್ಪಿಗೆ, ಗುತ್ತಿಗೆದಾರ, ಸಿಮೆಂಟು, ಸಿಮೆಂಟು ಒಣಗುವುದು. ವಿಮಾನಗಳ ಚಳಿಗಾಲ ನಮ್ಮ ಸಿಮೆಂಟಿಗೆ ಕಾಯಲಿಲ್ಲ. ಹೊಸ ಪಾಳಿ ಶುರುವಾದ ದಿನ ಚೌಕದ ಕಟ್ಟೆಗೆ ಇನ್ನೂ ಅಡಿಪಾಯ ಅಗೆಯುತ್ತಿದ್ದರು. ಅಕ್ಕನ ಜಾಗಕ್ಕೆ ವಿಮಾನ ನಿಲ್ದಾಣದ ಬೇಲಿಯ ಪಕ್ಕದಲ್ಲೇ ಮನೆಯಿರುವ ಒಬ್ಬಳನ್ನು ತೆಗೆದುಕೊಂಡರು.

ಕೊನೆಯ ದಿನ ಅವಳು ಹೊತ್ತಿಗೆ ಸರಿಯಾಗಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕೈ ತೊಳೆದು, ಊಟಕ್ಕೆ ಕೂತಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬೈಯೇ ಅಕ್ಕ," ಎಂದೆ. "ಮನಸ್ಸಲ್ಲಿ ಇಟ್ಕೋಬೇಡ."

"ಯಾಕೆ ಬೈಲಿ? ನೀನು ಹೇಳಿದ್ದು ಸರಿ. ನಾನಾಗಿದ್ರೂ ಹೇಳ್ತಿದ್ದೆ." ತುತ್ತು ನುಂಗಿ ನೀರು ಕುಡಿದಳು. "ಆದ್ರೆ ಆ ದಿನ ರಾತ್ರಿ ನಾನು ಹಾಡು ಹೇಳ್ಕೊಂಡು ಪಾತ್ರೆ ತೊಳೀತಿದ್ದೆ. ನೀನು ಕೂತು ಕೇಳಿದೆ. ಸಾಹೇಬ್ರಿಗೆ ಮೊದಲು ಹೇಳಿದೆ, ನನಗೆ ಹೇಳಲಿಲ್ಲ. ಅದು ನನಗೆ ಚುಚ್ಚುತ್ತೆ ಪುಟ್ಟಿ. ಅದು ಹೋಗೋಕೆ ಸ್ವಲ್ಪ ದಿನ ಬೇಕು."

ತಪ್ಪಾಯಿತು ಎಂದೆ. ಅವಳು ನನ್ನ ತಟ್ಟೆಗೆ ಬಡಿಸಿದಳು, ಮಾತು ಅಲ್ಲಿಗೆ ಮುಗಿಯಿತು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ನೆಲದ ಮೇಲೆ ಏನೂ ಉಳಿಯಲಿಲ್ಲ. ಡಬ್ಬಗಳು, ಬುಟ್ಟಿಗಳು, ಹಳೆಯ ಪತ್ರಿಕೆಗಳು ಎಲ್ಲ ಅಟ್ಟ ಏರಿದವು. ಮಾರನೆಯ ದಿನ ಇಳಿದವು, ಮತ್ತೆ ಏರಿದವು. ನನ್ನ ಚಪ್ಪಲಿಯೊಂದು ವಾರಗಟ್ಟಲೆ ಸಿಗದೆ, ಕೊನೆಗೆ ಕಪಾಟಿನ ನೆತ್ತಿಯ ಮೇಲೆ ಸಿಕ್ಕಿತು. ಎದುರುಮನೆಯವರು ಮನೆ ಬದಲಾಯಿಸಿದಾಗ ಅಕ್ಕ ಕರೆಯದೇ ಹೋಗಿ ಅವರ ಸಾಮಾನೆಲ್ಲ ಇಳಿಸಿಕೊಟ್ಟು ಬಂದಳು. ಆ ಸಂಜೆ ಒಂದಿಷ್ಟು ಖುಷಿಯಾಗಿದ್ದಳು.

ಬಸ್ಸು ಶುರುವಾದದ್ದು ಚಳಿ ಮುಗಿಯುವ ಹೊತ್ತಿಗೆ. ಮೊದಲ ಓಟಕ್ಕೆ ನಾನು ಬೆಳಿಗ್ಗೆಯೇ ಎದ್ದು ಚೌಕಕ್ಕೆ ಹೊರಟೆ. ಅಕ್ಕ ಅಷ್ಟು ಹೊತ್ತಿಗೇ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು.

"ಇಷ್ಟು ಬೇಗ ಎದ್ದು ಏನ್ ಮಾಡ್ತೀಯ?"

"ನೀನು ಎಲ್ಲಾ ನನಗೆ ಹೇಳಿ ಮಾಡ್ತೀಯಾ?" ಎಂದಳು, ಹೇರ್‌ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು. ಇನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡು ಹೊರಟೆ.

ಚೌಕದ ಕಟ್ಟೆ ಚೆನ್ನಾಗಿ ಬಂದಿತ್ತು. ಸೂಟ್‌ಕೇಸುಗಳು ಗಡಗಡ ಎನ್ನುತ್ತಾ ಸೀದಾ ಬಸ್ಸಿನೊಳಗೆ ಉರುಳಿದವು. ಆಸ್ಪತ್ರೆಯಲ್ಲೂ ಹಾಗೆಯೇ, ಗಾಲಿಕುರ್ಚಿಯ ಅಜ್ಜಿಯೊಬ್ಬಳು ಕೂಡ ಯಾರ ಕೈಯನ್ನೂ ಹಿಡಿಯದೆ ಒಳಗೆ ಬಂದಳು. ನಲವತ್ತು ಮುಂದಿನ ಸೀಟಿನಲ್ಲಿ ಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಮುಖದಲ್ಲಿ ಮದುಮಗನ ಕಳೆ. ಪೆನ್ಸಿಲ್ ಅವರ ಹಿಂದೆ, ನಾನು ಬಾಗಿಲ ಹತ್ತಿರ ನಿಲ್ದಾಣದ ಹೊತ್ತು ಬರೆದುಕೊಳ್ಳುತ್ತಿದ್ದೆ.

ಟ್ಯಾಂಕಿನ ಹತ್ತಿರ ಬಾಗಿಲು ತೆರೆಯಿತು. ಡಬ್ಬಿಯವರು ಎರಡೂ ಬಾಗಿಲಿಂದ ಸರಸರ ಹತ್ತಿದರು. ಡ್ರೈವರು ಬಾಗಿಲು ಮುಚ್ಚಲು ಕೈ ಹಾಕಿದ.

"ಇರಪ್ಪ, ಇನ್ನೂ ಒಬ್ಬಳಿದ್ದೀನಿ," ಎಂದು ಕೆಳಗಿನಿಂದ ದನಿ ಬಂತು.

ಅಕ್ಕ. ಒಳ್ಳೆಯ ಸೀರೆ ಉಟ್ಟಿದ್ದಳು. ಕೈಯಲ್ಲಿ ಆ ನೀಲಿ ಸೂಟ್‌ಕೇಸು, ಹೊಲಿಗೆ ಬಿಚ್ಚುವಷ್ಟು ತುಂಬಿತ್ತು. ಹಿಡಿಗೆ ಲಗೇಜ್ ಕೋಣೆಯ ಚೀಟಿಯೊಂದನ್ನು ಕಟ್ಟಿದ್ದಳು, ಅದರ ಮೇಲೆ ತನ್ನ ಹೆಸರು. ಮೂರು ಮೆಟ್ಟಿಲು ನೋಡಿದಳು, ನನ್ನನ್ನು ನೋಡಿದಳು. ಬಲಗೈಯಿಂದ ಎತ್ತಿ ಮೊದಲ ಮೆಟ್ಟಿಲಿಗೆ ಇಟ್ಟಳು. ಎರಡನೆಯದಕ್ಕೆ ಎತ್ತುವಾಗ ಅವಳ ಇಳಿದ ಭುಜ ನಡುಗಿತು, ಪೆಟ್ಟಿಗೆ ಬಾಗಿಲಿನ ಕಂಬಿಗೆ ಸಿಕ್ಕಿಕೊಂಡಿತು.

"ಎಲ್ಲಿಗೆ ಅಕ್ಕ?" ಎಂದೆ.

"ಹಿಂದೆ ನನ್ನ ಜೊತೆ ಕೆಲಸ ಮಾಡ್ತಿದ್ದಳಲ್ಲ, ಸಮುದ್ರದ ಊರವಳು, ಅವಳ ಮನೆಗೆ. ಹತ್ತು ದಿನ. ವಿಮಾನದಲ್ಲಿ." ಉಸಿರು ತೆಗೆದುಕೊಂಡಳು. "ಇಷ್ಟು ವರ್ಷ ಊರವರ ಪೆಟ್ಟಿಗೆಗೆಲ್ಲ ಚೀಟಿ ಕಟ್ಟಿದೆ. ಒಂದು ನನ್ನ ಹೆಸರಲ್ಲೂ ಇರ್ಲಿ ಅಂತ."

ಟ್ಯಾಂಕಿಗೆ ಕಟ್ಟೆ ಬೇಡ ಎಂದವಳು ನಾನು. ನಮ್ಮ ಓಣಿಗಳವರು ವಿಮಾನ ನಿಲ್ದಾಣಕ್ಕೆ ಕೆಲಸಕ್ಕೆ ಹೋಗುತ್ತಾರೆ ಎಂಬುದು ನನ್ನ ಲೆಕ್ಕದಲ್ಲಿತ್ತು. ಅವರಲ್ಲೊಬ್ಬರು ಎಂದಾದರೂ ವಿಮಾನವನ್ನೂ ಹತ್ತಬಹುದು ಎಂಬುದು ಇರಲಿಲ್ಲ. ಒಂದೇ ಮನೆಯಲ್ಲಿ, ಆ ನೀಲಿ ಸೂಟ್‌ಕೇಸನ್ನು ದಿನಾ ಕಣ್ಣೆದುರಿಗೆ ಇಟ್ಟುಕೊಂಡು, ಒಂದು ದಿನವೂ ನನಗೆ ಹಾಗೆ ಅನ್ನಿಸಿರಲಿಲ್ಲ.

"ಯಾರ್ರೀ ಅದು, ಹೊತ್ತು ಹೋಗ್ತಾ ಇದೆ," ಎಂದು ನಲವತ್ತು ಎದ್ದು ಬಂದರು.

"ನಮ್ಮಕ್ಕ ಸಾರ್."

ಅವರು ಅಕ್ಕನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಕೆಳಗೆ ಕಟ್ಟೆಯಿಲ್ಲದ ನೆಲವನ್ನು ನೋಡಿದರು. ಅವರಿಗೂ ನೆನಪಿತ್ತು ಅಂತ ಕಾಣುತ್ತದೆ. ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, ಬಗ್ಗಿ, ಸೂಟ್‌ಕೇಸಿನ ಒಂದು ತುದಿಗೆ ಕೈ ಹಾಕಿದರು. ಇನ್ನೊಂದು ತುದಿಗೆ ನಾನು.

"ನೋಡ್ಕೊಂಡು ಎತ್ತಿ ಸಾರ್," ಎಂದಳು ಅಕ್ಕ. "ಖಾಲಿ ಅಲ್ಲ ಇದು."

ಮೂವರೂ ಸೇರಿ ಅದನ್ನು ಒಳಗೆ ತಂದೆವು. ಅಕ್ಕ ಕಿಟಕಿಯ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು, ನನ್ನ ಕೈಯಲ್ಲಿದ್ದ ಹಾಳೆಯ ಕಡೆ ಗದ್ದ ತೋರಿಸಿದಳು.

"ಎಷ್ಟು ಹೊತ್ತಾಯ್ತು ಅಂತ ಬರ್ಕೊಂಡ್ಯಾ?"

ಬರೆದುಕೊಂಡೆ. ಅವತ್ತಿನ ಓಟದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ನೀರಿನ ಟ್ಯಾಂಕಿನ ನಿಲ್ದಾಣ. ಅದರ ಪಕ್ಕದಲ್ಲೇ 'ಕಟ್ಟೆ ಬೇಕು' ಎಂದು ಬರೆದು ಪೆನ್ಸಿಲಿಗೆ ಕೊಟ್ಟು, ಹೋಗಿ ಅಕ್ಕನ ಪಕ್ಕ ಕೂತೆ. ಅವಳು ಸರಿದು ಜಾಗ ಮಾಡಿಕೊಟ್ಟಳು.